ಅಕ್ಕನಿಗೆ ಮಾಡಿದ ಬಸುರಿ ಊಟ

ನಮ್ಮಕ್ಕ ದಪ್ಪ ಇದ್ದಳು. ಮೈ ತುಂಬಿಕೊಂಡಿದ್ದಳು, ಲಕ್ಷಣವಾದ ಆಳು ಎಂದೆಲ್ಲ ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಹುಣಸೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ನನ್ನದು. ಬೆಳಗಾದರೆ ಅಳತೆ ತೆಗೆಯುವುದೇ ಕೆಲಸ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಭ್ಯಾಸ. ಅಂಗಡಿಗೆ ಬಂದವರು ಹಿಂದಿನ ಕೋಣೆಯಲ್ಲಿ ಕುರ್ಚಿ ತುಂಬ ಕೂತಿರುತ್ತಿದ್ದ ಅಕ್ಕನನ್ನು ಇಣುಕಿ ನೋಡಿ, ಯಾರು ಅದು ಎಂದು ಕಣ್ಣಲ್ಲೇ ಕೇಳುತ್ತಿದ್ದರು. ನಮ್ಮಕ್ಕ, ಏನೀಗ ಎಂದು ನಾನು ಬಾಯಲ್ಲೇ ಕೇಳುತ್ತಿದ್ದೆ. ಇದರಿಂದ ಒಬ್ಬಿಬ್ಬರು ಗಿರಾಕಿಗಳು ತಪ್ಪಿಹೋದರು. ಹೋದರೆ ಹೋಗಲಿ.

ಅವಳು ಹುಟ್ಟಾ ದಪ್ಪ ಏನಲ್ಲ. ಸಾಲಿಗ್ರಾಮದ ಕಡೆಗೆ ಮದುವೆಯಾಗಿ ಹೋಗುವಾಗ ನನಗಿಂತ ಸಣ್ಣಗಿದ್ದಳು. ವರ್ಷಗಟ್ಟಲೆ ಮಕ್ಕಳಾಗಲಿಲ್ಲ. ಕೆ.ಆರ್. ನಗರದ ಒಬ್ಬ ಡಾಕ್ಟರ ಮಾತ್ರೆ, ಯಾರೋ ಹೇಳಿದರೆಂದು ನಾಟಿ ಔಷಧಿ, ಮತ್ಯಾರೋ ಹೇಳಿದರೆಂದು ತುಪ್ಪದಲ್ಲಿ ಕಲಸಿದ ಲೇಹ್ಯ. ಕೊಟ್ಟದ್ದನ್ನೆಲ್ಲ ನುಂಗಿದಳು. ಮಗು ಬರಲಿಲ್ಲ, ಮೈ ಬಂತು. ಆಮೇಲೆ ಬೇಜಾರಿಗೆ ತಿಂದಳು. ಅದನ್ನೂ ಮುಚ್ಚಿಡುವುದಿಲ್ಲ. ಒಬ್ಬಳೇ ಕೂತು ತಿನ್ನುವುದು ಅವಳಿಗೆ ಅಲ್ಲೇ ಅಂಟಿಕೊಂಡದ್ದು. ಕೊನೆಗೆ ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬಂದ. ಇವಳು ಒಂದು ಬ್ಯಾಗು ಹಿಡಿದು ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಅಪ್ಪ ಅವ್ವ ಆಗಲೇ ತೀರಿಕೊಂಡಿದ್ದರು. ಬಂದವಳು ನೇರವಾಗಿ ಒಲೆಯ ಮುಂದೆ ಹೋಗಿ ನಿಂತಳು.

ಆಗ ನಾನು ಬಸುರಿ. ನಮ್ಮ ಕಡೆ ಬಸುರಿ ಊಟ ಅಂತ ಮಾಡುತ್ತಾರೆ. ತಿಂಗಳು ತುಂಬುತ್ತ ಬಂದ ಹೆಂಗಸನ್ನು ಕೂರಿಸಿ, ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಮಡಿಲಕ್ಕಿ ಹಾಕಿ, ಅವಳಿಗೆ ಏನು ಇಷ್ಟವೋ ಅದನ್ನೆಲ್ಲ ಮಾಡಿ ಬಡಿಸುವುದು. ಒಂದು ಮನೆಯವರು ಕರೆದು ಬಡಿಸಿದರೆ ಉಳಿದವರೂ ಸರದಿಯ ಮೇಲೆ ಬಡಿಸಲೇಬೇಕು, ಇಲ್ಲದಿದ್ದರೆ ಅದೊಂದು ದೊಡ್ಡ ಮುನಿಸಾಗುತ್ತದೆ. ನನ್ನ ಬಸುರಿ ಊಟಕ್ಕೆ ಅಷ್ಟೂ ಅಡುಗೆ ಮಾಡಿದವಳು ಅಕ್ಕ. ಹೆಂಗಸರು ಒಬ್ಬೊಬ್ಬರಾಗಿ ಬಂದು ನನಗೆ ಅರಿಶಿನ ಕುಂಕುಮ ಇಡುವಾಗ ಅವಳು ಅಡುಗೆಮನೆಯಿಂದ ಈಚೆಗೆ ಬರಲಿಲ್ಲ. ಬರಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಕರೆಯಲಿಲ್ಲ. ಮಕ್ಕಳಿಲ್ಲದವಳು ಇಂಥ ಕಡೆ ಮುಂದೆ ಬರಬಾರದು ಎನ್ನುವುದು ನಮ್ಮವರಲ್ಲಿ ಬಾಯಿಬಿಟ್ಟು ಹೇಳಬೇಕಾದ ಮಾತೇ ಅಲ್ಲ. ಊಟವಾದ ಮೇಲೆ ಎಲ್ಲರೂ ಸಾರು ಬಹಳ ಚೆನ್ನಾಗಿತ್ತು ಎಂದು ಹೊಗಳಿದರು.

ವರ್ಷಗಳು ಕಳೆದಂತೆ ಅಕ್ಕನಿಗೆ ನಡೆಯುವುದು ಕಷ್ಟವಾಯಿತು. ಮೊದಲು ಸಂತೆಗೆ ಹೋಗುವುದು ನಿಂತಿತು, ಆಮೇಲೆ ಬೀದಿ, ಆಮೇಲೆ ಅಂಗಳ. ಮಂಡಿ ಸವೆದಿತ್ತು, ಸಕ್ಕರೆ ಕಾಯಿಲೆ ಬಂದಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಕುರ್ಚಿಯಲ್ಲೇ ಕೂತು, ದಿಂಬು ಎದೆಗೆ ಅವುಚಿಕೊಂಡು ನಿದ್ದೆ ಮಾಡುತ್ತಿದ್ದಳು. ಒಂದು ಬೆಳಗ್ಗೆ ಕರೆದರೆ ಓಗೊಡಲಿಲ್ಲ. ತುಟಿ ನೀಲಿಯಾಗಿತ್ತು. ನಮ್ಮೆಜಮಾನರು ಬಾಡಿಗೆಗೆ ಓಡಿಸುವ ಟೆಂಪೋದಲ್ಲೇ ಅವಳನ್ನು ಒರಗಿಸಿ ಕೂರಿಸಿಕೊಂಡು ಮೈಸೂರಿಗೆ ಹೋದೆವು.

ಅಲ್ಲಿ ಬದುಕಿಸಿದರು. ಬದುಕಿಸಿದ ಮೇಲೆ ಅಲ್ಲಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೀಗೇ ಬಿಟ್ಟರೆ ಮುಂದಿನ ಸಲ ಬದುಕಿಸುವುದು ಕಷ್ಟ. ಜಠರವನ್ನು ಕತ್ತರಿಸಿ ಸಣ್ಣದು ಮಾಡುವ ಆಪರೇಷನ್ ಒಂದಿದೆ. ಆಮೇಲೆ ಒಂದು ಸಣ್ಣ ಬಟ್ಟಲಿನಷ್ಟು ಊಟ ಮಾಡಿದರೆ ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ, ಉಸಿರು ಸರಾಗವಾಗುತ್ತದೆ. ಅದು ಎಲ್ಲರಿಗೂ ಮಾಡುವಂಥದ್ದಲ್ಲ. ಇಷ್ಟು ತೂಕ ಇರಬೇಕು, ಇಂಥ ಕಾಯಿಲೆ ಇರಬೇಕು ಎಂದು ಲೆಕ್ಕ ಇದೆ. ಅಕ್ಕನಿಗೆ ಆ ಅರ್ಹತೆ ಬೇಕಾದಷ್ಟಿತ್ತು. ಆದರೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು, ತೊಡಕು ಅದೇ. ಅಷ್ಟು ತೂಕದಲ್ಲಿ ಅರಿವಳಿಕೆ ಕೊಟ್ಟರೆ ಉಸಿರು ವಾಪಸ್ ಬರುತ್ತದೆಂಬ ಭರವಸೆ ಇಲ್ಲ. ಜಠರದ ಮೇಲೆ ಲಿವರ್ ಊದಿ ಕೂತಿದೆ, ಅದನ್ನು ಎತ್ತಿ ಹಿಡಿಯದೆ ಕೆಲಸ ಮಾಡಲಾಗದು. ಆದ್ದರಿಂದ ಮೊದಲು ಒಂದಷ್ಟು ತೂಕ ಇಳಿಸಿಕೊಂಡು ಬರಬೇಕು, ಮಲಗುವಾಗ ಉಸಿರಿನ ಯಂತ್ರದ ಮಾಸ್ಕ್ ಹಾಕಿಕೊಳ್ಳಬೇಕು, ಕೊನೆಯ ಹದಿನೈದು ದಿನ ಬರೀ ನೀರಾದ ಆಹಾರ. ಮಜ್ಜಿಗೆ, ಬೇಳೆಕಟ್ಟು, ಅವರು ಕೊಟ್ಟ ಪುಡಿ ಕಲಸಿದ ಹಾಲು, ಅಷ್ಟೆ.

ತೂಕ ಇರೋದಕ್ಕೇ ಆಪರೇಷನ್ ಅಂತೀರಿ, ತೂಕ ಇರೋದಕ್ಕೇ ಆಗಲ್ಲ ಅಂತೀರಿ, ಇದೆಂಥ ನ್ಯಾಯ ಎಂದು ನಾನು ದನಿ ಎತ್ತಿದೆ. ಆ ಡಾಕ್ಟರಮ್ಮನಿಗೆ ಕೋಪ ಬರಲಿಲ್ಲ. ನ್ಯಾಯ ಅಲ್ಲ ಅನ್ನುವುದು ನನಗೂ ಗೊತ್ತು ಎಂದರು. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿ, ಸುಮ್ಮನಿರು ಎಂದಳು.

ಮನೆಯಲ್ಲಿ ತೂಕ ನೋಡುವುದಕ್ಕೂ ಪಾಡು ಪಡಬೇಕಾಯಿತು. ಕ್ಲಿನಿಕ್ಕಿನ ತೂಕದ ಯಂತ್ರಗಳ ಮುಳ್ಳು ಅವಳು ನಿಂತರೆ ಕೊನೆಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಒಂದೂವರೆ ಕ್ವಿಂಟಾಲಿನ ಮೇಲಿದ್ದಳು. ನಮ್ಮ ಬೀದಿಯ ತುದಿಯಲ್ಲಿ ರಾಗಿ ಜೋಳದ ವ್ಯಾಪಾರ ಮಾಡುವ ಸಾಹೇಬರಿದ್ದಾರೆ. ಅವರ ಮಂಡಿಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇದೆ. ನಾನೇ ಹೋಗಿ ಕೇಳಿದೆ. ಹಮಾಲರು ಬರುವ ಮುಂಚೆ ಬೆಳಗ್ಗೆ ಬನ್ನಿ ಎಂದರು. ಟೆಂಪೋದಲ್ಲಿ ಕರೆದುಕೊಂಡು ಹೋದಾಗ ಅವರೇ ಬಾಗಿಲು ತೆಗೆದು, ತಕ್ಕಡಿಯ ಮೇಲೆ ಒಂದು ಶುಭ್ರವಾದ ಗೋಣಿ ಹಾಸಿ, ನೀವು ನೋಡಿಕೊಳ್ಳಿ ಎಂದು ಬೀದಿಯ ಕಡೆ ಮುಖ ಮಾಡಿ ನಿಂತರು. ಅಕ್ಕ ಅವರಿಗೆ ಎಷ್ಟು ಸಲ ಕೈಮುಗಿದಳೋ. ಆಮೇಲೆ ವಾರಕ್ಕೊಮ್ಮೆ ಹೋಗುತ್ತಿದ್ದೆವು. ಅಕ್ಕ ಮುದ್ದೆ ಬಿಟ್ಟಳು, ಅನ್ನ ಬಿಟ್ಟಳು, ಮುಖ ಸಿಂಡರಿಸಿಕೊಂಡು ಸೊಪ್ಪು ಬೇಳೆ ತಿಂದಳು. ಮುಳ್ಳು ನಿಧಾನವಾಗಿ ಇಳಿಯಿತು. ಡಾಕ್ಟರಮ್ಮ ಮೆಚ್ಚಿ ಆಪರೇಷನ್ನಿಗೆ ದಿನ ಕೊಟ್ಟರು. ಇನ್ನು ಕೊನೆಯ ಹದಿನೈದು ದಿನದ ನೀರಾಹಾರ ಒಂದೇ ಬಾಕಿ.

ಆಗ ಮದುವೆಯ ಸುಗ್ಗಿ. ಅಂಗಡಿಯಲ್ಲಿ ರವಿಕೆಗಳ ರಾಶಿ ಬಿದ್ದಿತ್ತು. ಹಂಪಾಪುರದ ಪಕ್ಕದ ಹಳ್ಳಿಯಿಂದ ಚಿಕ್ಕವ್ವ ಬಂದಳು. ನಮ್ಮವ್ವನ ತಂಗಿ, ಈಗ ನಮಗೆ ತಾಯಿಯ ಜಾಗದಲ್ಲಿ ಇರುವವಳು. ನೀನು ಹೊಲಿಗೆ ನೋಡ್ಕೊ, ಇವಳ ಮಜ್ಜಿಗೆ ಬೇಳೆಕಟ್ಟು ನಾನು ನೋಡ್ಕೋತೀನಿ, ನನ್ನ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದಳು. ನಾನು ಎಲ್ಲ ಬಿಡಿಸಿ ಹೇಳಿದೆ. ಗಟ್ಟಿ ಆಹಾರ ಒಂದು ತುತ್ತೂ ಕೂಡದು ಎಂದೆ. ಚಿಕ್ಕವ್ವ ಮನೆದೇವರ ಮೇಲೆ ಆಣೆ ಇಟ್ಟಳು. ಸುಳ್ಳು ಆಣೆ ಇಡುವವಳಲ್ಲ ಅವಳು. ಮೊದಲ ವಾರ ಹಾಗೆಯೇ ನಡೆಸಿದಳಂತೆ. ದಿನಾ ಫೋನು ಮಾಡಿದರೆ ಅಕ್ಕನೇ ಎತ್ತಿ, ಕುಡ್ದೆ ಕಣೇ, ನೀರು ಕುಡ್ದೂ ಕುಡ್ದೂ ಹೊಟ್ಟೆ ಕೆರೆ ಆಗೈತೆ ಎಂದು ನಗುತ್ತಿದ್ದಳು.

ಎರಡನೇ ವಾರ ಫೋನಿನಲ್ಲಿ ನಗು ಕಡಿಮೆಯಾಯಿತು. ಸುಸ್ತು ಇರಬೇಕು ಎಂದುಕೊಂಡೆ.

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಕರೆದುಕೊಂಡು ಬರಲು ಹೋದೆ. ಟೆಂಪೋ ನಿಲ್ಲಿಸುವಾಗಲೇ ಒಳಗಿನಿಂದ ಹೆಂಗಸರು ಸೋಬಾನೆ ಹೇಳುವುದು ಕೇಳಿಸಿತು. ಯಾರ ಮದುವೆಯಪ್ಪಾ ಎಂದುಕೊಂಡು ಒಳಗೆ ಹೋದರೆ ನಡುಮನೆಯಲ್ಲಿ ಅಕ್ಕ. ಮಣೆಯ ಮೇಲೆ ಕೂರಲಾಗದೆಂದು ಗೋಡೆಗೆ ಒತ್ತಿ ಮಂಚ ಹಾಕಿ ಕೂರಿಸಿದ್ದರು. ಹಸಿರು ಸೀರೆ. ತಲೆ ತುಂಬ ಕನಕಾಂಬರ. ಬಳೆ ಯಾವುದೂ ಕೈಗೆ ಏರಿರಲಿಲ್ಲ, ಹಸಿರು ದಾರವನ್ನು ಸುತ್ತು ಸುತ್ತು ಕಟ್ಟಿದ್ದರು. ಮಡಿಲಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ. ಎದುರಿಗೆ ಎಲೆ. ಎಲೆಯಲ್ಲಿ ಒತ್ತುಶಾವಿಗೆ, ಕಾಯಿಹಾಲು, ಒಬ್ಬಟ್ಟು, ನಾಟಿಕೋಳಿ ಸಾರು, ಇನ್ನೂ ಏನೇನೋ.

ಏನ್ರೇ ಇದು ಎಂದು ಕೂಗಿದೆ. ಸೋಬಾನೆ ನಿಂತಿತು. ಚಿಕ್ಕವ್ವ ಮಾತ್ರ ಹೆದರಲಿಲ್ಲ. ಕೈಯಲ್ಲಿ ಸೌಟು ಹಿಡಿದೇ ನನ್ನ ಮುಂದೆ ಬಂದು ನಿಂತಳು.

"ಒಟ್ಟೆ ಕುಯ್ಯಿಸ್ಕೊಳಕ್ಕೆ ಓಗೋಳ್ನ ಬರೀ ಒಟ್ಟೇಲಿ ಕಳಿಸ್ತಾರಾ? ಹೆರಿಗೆಗೆ ಓಗೋರಿಗೆ ಉಣ್ಣುಸ್ದೆ ಕಳಿಸ್ತೀವಾ? ಆಮ್ಯಾಕೆ ಜನ್ಮದಲ್ಲಿ ಒಟ್ಟೆ ತುಂಬ ಉಣ್ಣಂಗಿಲ್ಲ ಅಂತ ನೀನೇ ಏಳ್ದೆ. ಇವಳ್ಗೆ ಒಂದ್ ಕಿತ ಆದ್ರೂ ಮಡ್ಲಕ್ಕಿ ಆಕಿದ್ರಾ ಯಾರಾದ್ರೂ?"

ವಿಚಾರಿಸಿದಾಗ ಗೊತ್ತಾಯಿತು, ಇದು ಒಂದು ದಿನದ್ದಲ್ಲ. ವಾರದಿಂದ ನಡೆದಿತ್ತು. ಮೊದಲು ಪಕ್ಕದ ಮನೆಯಾಕೆ, ಆಪರೇಷನ್ನಿಗೆ ಹೋಗುವ ಹೆಣ್ಣುಮಗಳು ಎಂದು ಕರುಣೆಯಿಂದ ಒಂದು ಬಟ್ಟಲು ಪಾಯಸ ತಂದಿದ್ದಳು. ಹೂ ಮುಡಿಸಿ, ಕುಂಕುಮ ಇಟ್ಟು ಕೊಟ್ಟಳಂತೆ. ಅವಳು ಮಾಡಿದಳೆಂದು ಆಚೆಮನೆಯವರು ಕರೆದರು. ಅವರು ಕರೆದರೆಂದು ಚಿಕ್ಕವ್ವನ ಓರಗಿತ್ತಿ ಮನೆಯವರು ಕರೆದರು. ಪಿರಿಯಾಪಟ್ಟಣದ ನೆಂಟರಿಗೆ ಸುದ್ದಿ ಹೋಗಿ ಅವರೂ ಬುತ್ತಿ ಕಟ್ಟಿಕೊಂಡು ಬಂದರು. ಬೇಡ ಎಂದರೆ ಮುನಿಸು. ಕಡೆಯ ದಿನದ್ದು ಚಿಕ್ಕವ್ವನ ಸರದಿ. ಅಷ್ಟೂ ಜನ ಒಳ್ಳೆಯವರು. ಕೆಟ್ಟವರಾಗಿದ್ದರೆ ಬೈದು ಬರುತ್ತಿದ್ದೆ.

ಅಕ್ಕನ ಕಡೆ ತಿರುಗಿದೆ. ಅವಳಿಗೆ ಎಲ್ಲ ಗೊತ್ತಿತ್ತು. ಓದಿಲ್ಲದವಳೇನೂ ಅಲ್ಲ, ಲಿವರಿನ ವಿಷಯ, ಅರಿವಳಿಕೆಯ ವಿಷಯ ಎಲ್ಲ ಅವಳ ಎದುರಿಗೇ ಹೇಳಿದ್ದು. ಬಾಯಿ ತೆರೆದು ಬೈಯಬೇಕು ಎಂದು ನೋಡಿದರೆ ಅವಳ ಮುಖ ನಾನು ಎಂದೂ ನೋಡದ ಹಾಗಿತ್ತು. ನಾಚಿಕೊಂಡಿದ್ದಳು. ಹಣೆಯ ಮೇಲೆ ಊರ ಹೆಂಗಸರೆಲ್ಲ ಇಟ್ಟ ಕುಂಕುಮ ಮೂಗಿನ ತನಕ ಇಳಿದಿತ್ತು. ಗೋಡೆಗೆ ಒರಗಿ ಕೂತು ಅತ್ತುಬಿಟ್ಟೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ ತೂಕ ನೋಡಿದರು. ಕೊನೆಯ ಹದಿನೈದು ದಿನದಲ್ಲಿ ಇಳಿಯಬೇಕಾದ್ದು ಇಳಿದಿರಲಿಲ್ಲ, ಮೊದಲು ಇಳಿದಿದ್ದರಲ್ಲೂ ಒಂದಷ್ಟು ವಾಪಸ್ ಬಂದಿತ್ತು. ಸಕ್ಕರೆ ಏರಿತ್ತು. ಸ್ಕ್ಯಾನಿನಲ್ಲಿ ಲಿವರ್ ಹಾಗೇ ಊದಿಕೊಂಡಿತ್ತು. ಅರಿವಳಿಕೆ ಡಾಕ್ಟರು ತಲೆ ಅಲ್ಲಾಡಿಸಿದರು. ಡಾಕ್ಟರಮ್ಮ ಬಂದು ಅಕ್ಕನ ಮಂಚದ ತುದಿಯಲ್ಲಿ ಕೂತು, ಹೇಳಿದ ಹಾಗೆ ಮಾಡಿದಿರಾ ಎಂದು ಮೆಲ್ಲಗೆ ಕೇಳಿದರು. ನಾನು ಏನೋ ಒಂದು ನೆಪ ಹೇಳಲು ಬಾಯಿ ತೆರೆದೆ. ಅಕ್ಕ ಬಿಡಲಿಲ್ಲ. "ಇಲ್ಲ ಡಾಕ್ಟ್ರೇ, ಉಂಡೆ," ಎಂದಳು.

ಅವರು ಬೈಯಲಿಲ್ಲ. ಈ ಸ್ಥಿತಿಯಲ್ಲಿ ಟೇಬಲ್ ಮೇಲೆ ಮಲಗಿಸಿದರೆ ನಾನೇ ನಿಮ್ಮನ್ನು ಕೊಂದ ಹಾಗಾಗುತ್ತದೆ, ಮೂರು ತಿಂಗಳು ಬಿಟ್ಟು ನೋಡೋಣ, ಆದರೆ ನಿಮ್ಮ ಹೃದಯಕ್ಕೆ ಜಾಸ್ತಿ ಕಾಲ ಇಲ್ಲ, ಇದನ್ನು ಮುಚ್ಚಿಡುವುದಿಲ್ಲ ಎಂದರು.

ವಾಪಸ್ ಬರುವಾಗ ಟೆಂಪೋದ ಹಿಂದೆ ಅವಳ ಪಕ್ಕದಲ್ಲಿ ಕೂತಿದ್ದೆ. ಬಿಳಿಕೆರೆ ದಾಟುವ ತನಕ ನಾನು ಒಂದೇ ಸಮನೆ ಬೈದೆ. ಚಿಕ್ಕವ್ವನನ್ನು ಬೈದೆ, ಪಾಯಸದವಳನ್ನು ಬೈದೆ, ಪಿರಿಯಾಪಟ್ಟಣದವರ ವಂಶ ಜಾಲಾಡಿದೆ. ಅಷ್ಟು ಹೊತ್ತು ಕೇಳಿಸಿಕೊಂಡು ಅಕ್ಕ ನನ್ನ ಕೈ ಹಿಡಿದಳು.

"ಅವ್ರುನ್ನ ಬೈಬ್ಯಾಡ ಕಣೇ. ನಂಗೆ ಗೊತ್ತಿದ್ದೇ ಉಂಡೆ. ನಿಂಗೆ ಮಾಡ್ದಾಗ ನಾನು ಒಳ್ಗೆ ಒಬ್ಬಟ್ಟು ಬೇಯಿಸ್ತಾ ಕುಂತಿದ್ದೆ. ನಂಗೂ ಒಂದ್ ಕಿತ ಯಾರಾದ್ರೂ ಕರುದ್ರೆ ಎಂಗಿರ್ತದೆ ಅಂತ ಇತ್ತು. ಕರುದ್ರು. ಬ್ಯಾಡ ಅನ್ನಕ್ಕೆ ಬಾಯೇ ಬರ್ನಿಲ್ಲ."

ಟೆಂಪೋ ಓಡುತ್ತಲೇ ಇತ್ತು. ಅವಳ ಕೈಗೆ ಕಟ್ಟಿದ್ದ ಹಸಿರು ದಾರವನ್ನು ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದರು, ಅದರ ಗುರುತು ಮಣಿಕಟ್ಟಿನಲ್ಲಿ ಕೆಂಪಗಿತ್ತು.

ಆ ಮೂರು ತಿಂಗಳು ಅಕ್ಕ ಬೇರೆಯೇ ಹೆಂಗಸಾದಳು. ಒಂದು ದಿನವೂ ಗೊಣಗಲಿಲ್ಲ. ಬೆಳಗ್ಗೆ ಗೋಡೆ ಹಿಡಿದುಕೊಂಡು ಕೋಣೆಯ ಒಳಗೇ ಓಡಾಡುತ್ತಿದ್ದಳು, ಆಮೇಲೆ ಅಂಗಳಕ್ಕೆ ಬಂದಳು, ಆಮೇಲೆ ಬೀದಿಗೆ. ಬೀದಿಯಲ್ಲಿ ಮಕ್ಕಳು ನೋಡಿ ನಕ್ಕರೆ ನಾನು ಪೊರಕೆ ಹಿಡಿದು ಓಡುತ್ತಿದ್ದೆ, ಅವಳು ತಾನೂ ನಗುತ್ತಿದ್ದಳು. ಮಾಸ್ಕ್ ಹಾಕಿಕೊಂಡರೆ ಮೂಗಿನ ಮೇಲೆ ಗಾಯವಾಗುತ್ತಿತ್ತು, ಹಳೆಯ ಲೈನಿಂಗ್ ಬಟ್ಟೆ ಮಡಚಿ ಇಟ್ಟು ಕಟ್ಟಿಕೊಂಡಳು. ಸಾಹೇಬರ ಮಂಡಿಯ ತಕ್ಕಡಿಯ ಮುಳ್ಳು ಮತ್ತೆ ಇಳಿಯತೊಡಗಿತು. ಮೊದಲ ಸಲಕ್ಕಿಂತ ಕೆಳಗೆ ಹೋಯಿತು. ಒಂದು ದಿನ ತಕ್ಕಡಿಯಿಂದ ಇಳಿದು, ಬೀದಿ ಕಡೆ ತಿರುಗಿ ನಿಂತಿದ್ದ ಸಾಹೇಬರಿಗೆ, ಈಗ ನೋಡ್ಬೋದು ಸಾಹೇಬ್ರೇ, ತಿರುಗಿ ಎಂದಳು. ಅವರು ತಿರುಗಿ ನೋಡಿ, ಅಲ್ಲಾ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ ಎಂದು ಹರಸಿದರು.

ಮೈಸೂರಿಗೆ ಹೋದೆವು. ಎಲ್ಲ ಪರೀಕ್ಷೆ ಮತ್ತೆ ಮಾಡಿದರು. ಅರಿವಳಿಕೆ ಡಾಕ್ಟರು ಈ ಸಲ ತಲೆ ಅಲ್ಲಾಡಿಸಲಿಲ್ಲ, ಆಗಬಹುದು ಎಂದರು. ಡಾಕ್ಟರಮ್ಮ ಹೊಸ ದಿನ ಕೊಟ್ಟರು. ಮತ್ತೆ ಹದಿನೈದು ದಿನದ ನೀರಾಹಾರ. ಈ ಸಲ ಅಕ್ಕನನ್ನು ಎಲ್ಲಿಗೂ ಕಳಿಸಲಿಲ್ಲ. ಹೊಲಿಗೆಯ ಮೆಷಿನ್ನನ್ನು ಅವಳ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಎಳೆದು ಹಾಕಿಕೊಂಡು ಕೂತೆ. ನೆಂಟರಿಗೆಲ್ಲ ಫೋನು ಮಾಡಿ, ನೋಡಲು ಬರುವುದಾದರೆ ಬರಿಗೈಯಲ್ಲಿ ಬನ್ನಿ, ಡಬ್ಬಿ ಹಿಡಿದು ಬಂದರೆ ಡಬ್ಬಿ ಸಮೇತ ಚರಂಡಿಗೆ ಎಂದು ಹೇಳಿದೆ. ಬಾಯಿಬಡುಕಿ ಎಂಬ ಹೆಸರು ಹೇಗೂ ಇತ್ತು.

ಆದರೂ ಚಿಕ್ಕವ್ವ ಬಂದಳು. ಬಸ್ಸಿನಲ್ಲಿ ಒಬ್ಬಳೇ, ಸೆರಗಿನ ಕೆಳಗೆ ಡಬ್ಬಿ ಮುಚ್ಚಿಕೊಂಡು. ಸೊರಗಿಹೋಗಿದ್ದಳು. ಹೋದ ಸಲದ್ದು ತನ್ನಿಂದಲೇ ಆಯಿತೆಂದು ಅವಳೂ ಅಷ್ಟು ದಿನ ಕೊರಗಿದ್ದಳು. ಆದರೂ ಆಪರೇಷನ್ನಿಗೆ ಹೋಗುವ ಮಗಳ ಮನೆಗೆ ಬರಿಗೈಯಲ್ಲಿ ಬರಲು ಅವಳ ಕೈಲಾಗಲಿಲ್ಲ. ಒಂದೇ ಒಂದು ತುತ್ತು, ಬಾಯಿ ಸಿಹಿ ಮಾಡಿ ಹೋಗುತ್ತೇನೆ ಎಂದಳು. ನಾನು ಬಾಗಿಲಲ್ಲೇ ತಡೆದೆ. ಜೋರಾಗಿಯೇ ಜಗಳವಾಯಿತು, ಅಂಗಡಿಯಲ್ಲಿದ್ದ ಗಿರಾಕಿಗಳು ಎದ್ದು ಹೋದರು. ಆಗ ಒಳಗಿನಿಂದ ಅಕ್ಕ ಮಾತಾಡಿದಳು.

"ಚಿಕ್ಕವ್ವ, ಈ ಕಿತ ಬ್ಯಾಡ ಕಣವ್ವ. ನೀನು ಉಣ್ಣುಸಿದ್ದು ಒಟ್ಟೇಲಿ ಐತೆ. ಈಗ ನಾನು ಬದುಕ್ಬೇಕು."

ಚಿಕ್ಕವ್ವ ಬಾಗಿಲಿನಿಂದಲೇ ಅಕ್ಕನ ಕಡೆ ಕೈ ಚಾಚಿ ದೃಷ್ಟಿ ನೀವಳಿಸಿ, ಡಬ್ಬಿಯನ್ನು ಮತ್ತೆ ಸೆರಗಿನ ಕೆಳಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅಕ್ಕ ನನ್ನ ಕೈಯಿಂದ ಮಜ್ಜಿಗೆ ಲೋಟ ಇಸಿದುಕೊಂಡು ಕುಡಿದಳು. ಕುಡಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಆಸ್ಪತ್ರೆಗೆ ಸೇರಿಸಲು ಇನ್ನು ಮೂರು ದಿನ ಇರುವಾಗ, ಬೆಳಗ್ಗೆ ಮಜ್ಜಿಗೆ ಹಿಡಿದು ಒಳಗೆ ಹೋದೆ. ಅಕ್ಕ ಕುರ್ಚಿಯಲ್ಲಿ ಕೂತೇ ಇದ್ದಳು. ಮಾಸ್ಕ್ ಮುಖದ ಮೇಲೇ ಇತ್ತು, ಯಂತ್ರ ಗಾಳಿ ಊದುತ್ತಲೇ ಇತ್ತು. ಅವಳು ಇರಲಿಲ್ಲ.

ಹೃದಯ ನಿಂತಿತು ಎಂದರು. ಅಷ್ಟು ವರ್ಷ ಅಷ್ಟು ಭಾರ ಎಳೆದ ಹೃದಯ, ಯಾವಾಗ ಬೇಕಾದರೂ ಆಗಬಹುದಿತ್ತು ಎಂದರು. ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದೆ. ಮೊದಲ ಸಲವೇ ಆಪರೇಷನ್ ಆಗಿಬಿಟ್ಟಿದ್ದರೆ ಉಳಿಯುತ್ತಿದ್ದಳಾ ಎಂದು ಕೇಳಿದೆ. ಅದನ್ನು ಯಾರೂ ಹೇಳಲಾರರು, ನೀವು ಹೀಗೆ ಕೇಳಿಕೊಳ್ಳಬೇಡಿ ಎಂದರು. ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಮಣ್ಣು ಮಾಡಲು ನಮ್ಮ ತವರೂರ ತೋಟಕ್ಕೆ ಒಯ್ಯಲು ನೆಂಟರು ಬಂದರು. ಎತ್ತುವಾಗ ಒಬ್ಬ, ಇಷ್ಟು ದಿನ ಉಪವಾಸ ಹಾಕಿದ್ರು ಅಂತಾರೆ, ಇನ್ನೂ ಎಷ್ಟು ಭಾರ ಇದ್ದಾಳೆ ನೋಡು ಎಂದು ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಹೆಣದ ಮುಂದೆಯೇ ಅವನ ಅಂಗಿ ಹಿಡಿದೆ. ಇಳಿಸಿದ್ದಳು, ಅರ್ಧ ಮೂಟೆ ರಾಗಿಯಷ್ಟು ಇಳಿಸಿದ್ದಳು, ಆಗಬಹುದು ಅಂತ ಡಾಕ್ಟರೇ ಹೇಳಿದ್ದರು, ನಿನಗೇನು ಗೊತ್ತು ಎಂದು ಕೂಗಿದೆ. ಯಾರೋ ಬಂದು ಬಿಡಿಸಿದರು. ಹೊಟ್ಟೆಗೆ ಹಾಕದೆ ತಂಗಿಯೇ ಸಾಯಿಸಿದಳು ಎಂದೂ ಕೆಲವರು ಆಡಿಕೊಂಡರಂತೆ. ಆಡಿಕೊಳ್ಳಲಿ. ಇನ್ನೊಂದು ಸಲ ಬಂದರೂ ನಾನು ಮೆಷಿನ್ ಅಡ್ಡ ಎಳೆದು ಬಾಗಿಲಲ್ಲೇ ಕೂರುತ್ತೇನೆ. ಆದರೆ ನನ್ನಕ್ಕ ಹಸಿದುಕೊಂಡು ಹೋದಳು ಎನ್ನುವುದು ನೆನಪಾದರೆ ನನಗೆ ತುತ್ತು ಇಳಿಯುವುದಿಲ್ಲ.

ಹನ್ನೊಂದನೇ ದಿನ ತಿಥಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಇಡಬೇಕು. ಅಡುಗೆಯೆಲ್ಲ ಚಿಕ್ಕವ್ವನೇ ಮಾಡಿದಳು, ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಎಡೆಗೆ ಬಡಿಸುವ ಹೊತ್ತಾಯಿತು. ಅವಳು ಪಾತ್ರೆ ಹಿಡಿದು ಅಕ್ಕನ ಫೋಟೋದ ಮುಂದೆ ಬಂದು ನಿಂತಳು, ಬಗ್ಗಲಿಲ್ಲ. ಬಡಿಸಲೋ ಬೇಡವೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಬಡಿಸು ಎಂದೆ. ಒಂದು ತುತ್ತಿನಷ್ಟು ಹಾಕಿ ಕೈ ಹಿಂದೆ ತೆಗೆದುಕೊಂಡು ಮತ್ತೆ ನನ್ನನ್ನೇ ನೋಡಿದಳು.

"ಇನ್ನೂ ಆಕು ಚಿಕ್ಕವ್ವ," ಎಂದೆ. "ತುಂಬ ಆಕು."